ಹೆಪ್ಪು ಹಾಕಿದ ನೀರು

ಚಿತ್ತಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡಾಕ್ಟರ್ ನೀಲಾಬಾಯಿಯವರ ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ, ಬಸುರಿಯರು ಕೂರುವ ಬೆಂಚಿನ ಎದುರಿಗೆ, ಒಂದು ಹೊಸ ಗಾಜಿನ ತೊಟ್ಟಿ ಇದೆ. ತುಂಬ ನೀರು, ತಳದಲ್ಲಿ ಹರಳು, ಮೂಲೆಯಲ್ಲಿ ಬುಳುಬುಳು ಏಳುವ ಗಾಳಿಯ ಗುಳ್ಳೆ. ಮೀನು ಮಾತ್ರ ಒಂದೂ ಇಲ್ಲ.

ತಾಜುನ್ನಿಸಾ ಆ ನೀರನ್ನು ಒಂದು ಖಾಲಿ ಔಷಧಿ ಬಾಟಲಿಗೆ ತುಂಬಿಕೊಳ್ಳುತ್ತಾರೆ. ಎಲೆಗೆ ಹಚ್ಚುವ ಸುಣ್ಣದ ಡಬ್ಬಿ ತೆಗೆದು ಅದಕ್ಕೊಂದು ಚಿಟಿಕೆ ಹಾಕಿ, ಬೂಚು ಬಿಗಿದು, ಎರಡೂ ಅಂಗೈ ನಡುವೆ ಉಜ್ಜಿ ಉಜ್ಜಿ ಬಿಸಿ ಮಾಡುತ್ತಾರೆ. ಆಮೇಲೆ ಬೂಚು ತೆಗೆದು ಮೂಗಿಗೆ ಹಿಡಿಯುತ್ತಾರೆ. ಮುಖ ಕಿವುಚಿಕೊಳ್ಳುತ್ತದೆ.

"ಇನ್ನಾ ಹೊಡಿಲಿಕತ್ತದ್ರಿ ಘಾಟು. ನಿನ್ನಿಗಿಂತ ಕಡಿಮಿ ಅದ. ಆದ್ರ ಹೋಗಿಲ್ಲ" ಅನ್ನುತ್ತಾರೆ. ಕೂರುವುದಿಲ್ಲ. ತೊಟ್ಟಿಯ ಈ ಕಡೆಯಿಂದ ಆ ಕಡೆಗೆ ಹೋಗುತ್ತಾರೆ, ಗಾಳಿಯ ನಳಿಗೆ ಮುಟ್ಟುತ್ತಾರೆ, ಬಾಗಿಲಿಗೆ ಹೋಗಿ ರೈಲಿನ ಸದ್ದು ಕೇಳುತ್ತಾರೆ, ಮತ್ತೆ ಬರುತ್ತಾರೆ.

ಕೊಡ್ಲಿ ಊರಿನಿಂದ ಸೊಸೆಯನ್ನು ಕರೆತಂದ ಮುದುಕಿಯೊಬ್ಬಳು ಬೆಂಚಿನ ಮೇಲಿಂದಲೇ ಅನ್ನುತ್ತಾಳೆ: "ಮೀನಿಲ್ಲದ ನೀರಿಗೆ ಇಷ್ಟು ಜ್ವಾಪಾನ ಮಾಡ್ತಾಳ. ಮೀನು ಬಂದ್ರ ತೊಟ್ಲಾ ಕಟ್ತಾಳೇನೋ."

"ಕಟ್ತೀನಿ ಅಮ್ಮಾ. ಹಾಡ್ಲಿಕ್ಕ ನೀವೇ ಬರಬೇಕು" ಅನ್ನುತ್ತಾರೆ ತಾಜುನ್ನಿಸಾ. ನಗು ತುಟಿಗಷ್ಟೇ. ಕಣ್ಣು ನೀರಿನ ಮೇಲೆಯೇ ಇದೆ.

ಈ ಅವಸರಕ್ಕೆ ಕಾರಣವಿದೆ. ವಾಡಿಯ ಸ್ಟೇಶನ್ನಿನ ಹಿಂದೆ ಒಂದು ಹಳೆಯ ಕ್ಲಬ್ಬಿದೆ. ಅಲ್ಲಿಯ ಮೀನಿನ ತೊಟ್ಟಿಯನ್ನು ವರ್ಷಗಟ್ಟಲೆ ಸಾಕಿದವರು ಇವರೇ. ಈಗ ಆ ಜಾಗಕ್ಕೆ ಟೀವಿ ಬರಲಿದೆ. ಮೀನುಗಳನ್ನು ಬಾವಿಗೆ ಬಿಟ್ಟುಬಿಡು ಅಂದರು ಕ್ಲಬ್ಬಿನವರು. "ಬಾವ್ಯಾಗ ಆಮಿ ಅವ, ದೊಡ್ಡ ಮೀನ ಅವ. ಇವು ಗಾಜಿನ ಮನ್ಯಾಗ ಹುಟ್ಟಿದ್ವು. ಒಂದ್ ದಿನ ಉಳಿಯಂಗಿಲ್ಲ" ಎಂದು ಇವರು ಊರೂರು ತಿರುಗಿದರು. ಕೊನೆಗೆ ಹೂಂ ಅಂದವರು ನೀಲಾಬಾಯಿ. ಆದರೆ ಒಂದು ಮಾತು ಹೇಳಿಯೇ ಒಪ್ಪಿದರು.

"ಇಲ್ಲಿಗಿ ಬರೋರು ಹೊಟ್ಟ್ಯಾಗ ಜೀವ ಹೊತ್ಕೊಂಡು ಬರ್ತಾರ, ತಾಜುನ್ನಿಸಾ. ಒಂದು ಮೀನು ಸತ್ತು ತೇಲಿದ್ದು ಕಂಡ್ರೂ ಅವರ ಎದಿ ಒಡಿತದ. ಹಂಗಾದ್ರ ಅವತ್ತೇ ತೊಟ್ಟಿ ತೆಗಸ್ತೀನಿ. ನನ್ನ ಮ್ಯಾಲ ಸಿಟ್ಟಾಗಬ್ಯಾಡ."

ಹೊಸ ತೊಟ್ಟಿಯಲ್ಲಿ ಮೀನು ಸಾಯುವುದೇ ಹೆಚ್ಚು. ಮೀನು ತಾನು ಉಣ್ಣುವ ನೀರಿನಲ್ಲೇ ಹೊಲಸು ಮಾಡುತ್ತದೆ, ಆ ಹೊಲಸು ವಿಷವಾಗುತ್ತದೆ. ಹಳೆಯ ತೊಟ್ಟಿಯಲ್ಲಿ ಆ ವಿಷವನ್ನು ತಿನ್ನುವ ಜೀವಗಳು, ಕಣ್ಣಿಗೆ ಕಾಣದಷ್ಟು ಸಣ್ಣವು, ಸ್ಪಂಜಿಗೂ ಹರಳಿಗೂ ಲೋಳೆಯಾಗಿ ಹತ್ತಿಕೊಂಡಿರುತ್ತವೆ. ಹೊಸ ನೀರಿನಲ್ಲಿ ಅವು ಇರುವುದಿಲ್ಲ. ಅದಕ್ಕೇ ತಾಜುನ್ನಿಸಾ ವಾಡಿಯ ತೊಟ್ಟಿಯ ಸ್ಪಂಜನ್ನು ಅರ್ಧ ಕೊಯ್ದು, ಹಸಿ ಬಟ್ಟೆಯಲ್ಲಿ ಸುತ್ತಿ ಇಲ್ಲಿಗೆ ತಂದಿದ್ದಾರೆ.

"ಹೆಪ್ಪು ಇದ್ದಂಗ್ರಿ ಇದು. ಹಾಲಿಗಿ ಜರಾ ಹಳೇ ಮಸರು ಬಿಡ್ತೀವಲ್ಲ, ಹಂಗ" ಅನ್ನುತ್ತಾರೆ.

ಹೆಪ್ಪಿಗೂ ಉಣ್ಣಲು ಬೇಕು. ಮೀನಿಲ್ಲದ ಮೇಲೆ ಹೊಲಸು ಎಲ್ಲಿಂದ ಬರಬೇಕು? ಇಲ್ಲಿಯೇ ಈ ಹೆಣ್ಣುಮಗಳ ಮನೆತನದ ಕಸುಬು ಕೆಲಸಕ್ಕೆ ಬಂದಿರುವುದು. ಗಂಡ ಗುಲಾಮ ದಸ್ತಗೀರ ಕಲಾಯಿ ಹಾಕುವವರು. ಕಲಾಯಿಯವರ ಚೀಲದಲ್ಲಿ ನವಸಾಗರದ ಬಿಳೀ ಉಪ್ಪು ಯಾವತ್ತೂ ಇರುತ್ತದೆ. ಕಾದ ತಾಮ್ರಕ್ಕೆ ಅದನ್ನು ಉದುರಿಸಿದರೆ ಬಿಳೀ ಹೊಗೆ ಎದ್ದು, ತವರ ಹಿಡಿಯುತ್ತದೆ. ನೆಗಡಿ ಬಂದರೆ ಅದನ್ನೇ ಸುಣ್ಣದ ಜೊತೆ ಅಂಗೈಯಲ್ಲಿ ತಿಕ್ಕಿ ಮೂಸುವುದು ನಮ್ಮ ಕಡೆಯ ರೂಢಿ. ಮೂಗು ಹರಿದು ಹೋಗುವಂಥ ಘಾಟು. ಆ ಘಾಟೂ ಮೀನಿನ ಹೊಲಸಿನ ಘಾಟೂ ಒಂದೇ ಎಂದು ಈಕೆಯ ಮೂಗಿಗೆ ಗೊತ್ತಾಗಿದೆ. ಸಂಜೆ ತೊಟ್ಟಿಗೆ ಒಂದು ಚಿಟಿಕೆ ನವಸಾಗರ, ಬೆಳಗ್ಗೆ ಬಾಟಲಿಯಲ್ಲಿ ಸುಣ್ಣ ಹಾಕಿ ಮೂಸುವುದು. ಘಾಟು ಇದ್ದರೆ ಹೆಪ್ಪು ಇನ್ನೂ ಹಿಡಿದಿಲ್ಲ. ಇರದಿದ್ದರೆ ಆ ಸಣ್ಣ ಜೀವಗಳು ತಿಂದು ಮುಗಿಸಿವೆ ಅಂತ ತಿಳಿಯಬೇಕು.

ದಸ್ತಗೀರರದ್ದು ಇದಕ್ಕೆ ತಕರಾರು. "ಹಂಡೇಕ ಹಾಕೋ ಮಾಲು ನೀರಿಗಿ ಹಾಕ್ತಾಳ್ರಿ ಇಕಿ. ಕೇಳಿದ್ರ, ಉಪಾಸ ಅವ ಅಂತಾಳ. ಯಾರು ಉಪಾಸ ಅಂತ ನೋಡಿದ್ರ ಒಂದು ಹುಳಾನೂ ಕಾಣಂಗಿಲ್ಲ."

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ವರ್ಷ ಈಕೆ ಸೇಡಂ ಕಡೆಯಿಂದ ಮದುವೆಯಾಗಿ ವಾಡಿಗೆ ಬಂದರು. ಆಗ ಕಲಾಯಿಯವರು ಓಣಿಯಲ್ಲಿ ಕೂಗಿದರೆ ಮನೆಮನೆಯಿಂದ ಪಾತ್ರೆ ಹೊರಗೆ ಬರುತ್ತಿದ್ದವು. ನನಗೆ ನೆನಪಿದೆ, ತಿದಿ ಒತ್ತುವವರ ಸುತ್ತ ಜನ ನಿಂತು ನೋಡುತ್ತಿದ್ದರು. ಆಮೇಲೆ ಸ್ಟೀಲು ಬಂತು. ಸ್ಟೀಲಿಗೆ ಕಲಾಯಿ ಬೇಡ. ಗಂಡನ ಕೂಗಿಗೆ ಬಾಗಿಲು ತೆರೆಯುವುದು ನಿಂತಾಗ ತಾಜುನ್ನಿಸಾ ಕ್ಲಬ್ಬಿನ ಕಸ ಬಳಿಯುವ ಕೆಲಸಕ್ಕೆ ಸೇರಿದರು. ವರ್ಗವಾಗಿ ಹೋದ ಯಾರೋ ಸಾಹೇಬರು ಬಿಟ್ಟುಹೋದ ಮೀನಿನ ತೊಟ್ಟಿಯೂ ಕಸದ ಜೊತೆಗೆ ಇವರ ಪಾಲಿಗೆ ಬಂತು.

"ಮೊದಲ ನಾನೇ ಕೊಂದೀನ್ರಿ ಭಾಳ ಮೀನ" ಅನ್ನುತ್ತಾರೆ. "ಕಲಾಯಿ ಮನೆತನದಾಕಿ. ಕರ್ರಗಿದ್ದದ್ದು ಕಂಡ್ರ ಕೈ ಸುಮ್ಮನಿರಂಗಿಲ್ಲ. ಶುಕ್ರವಾರಕ್ಕೊಮ್ಮಿ ಹರಳು, ಸ್ಪಂಜು ಎಲ್ಲಾ ಬೂದಿ ಹಚ್ಚಿ ತಿಕ್ಕಿ ಬೆಳ್ಳಗ ಮಾಡ್ತಿದ್ದೆ. ಗಾಜು ಫಳಫಳ ಅನ್ನೋದು. ಶನಿವಾರ ಮೀನು ಮ್ಯಾಲ ತೇಲೋವು."

ಮಗಳು ಹುಟ್ಟಿದಾಗ ಬಾಣಂತನಕ್ಕೆ ತವರಿಗೆ ಹೋದರು. ತಿರುಗಿ ಬಂದು ನೋಡಿದರೆ ಸ್ಪಂಜು ಕಪ್ಪು, ಹರಳು ಲೋಳೆ. ಯಾರೂ ಮುಟ್ಟಿರಲಿಲ್ಲ. ಮೀನುಗಳು ಮಾತ್ರ ದಪ್ಪಗೆ ಆಡುತ್ತಿದ್ದವು. ಅವತ್ತಿನಿಂದ ಇವರು ಸ್ಪಂಜು ತೊಳೆದಿಲ್ಲ. ತೊಟ್ಟಿಯದೇ ನೀರಿನಲ್ಲಿ ಅದ್ದಿ ಹಿಂಡುತ್ತಾರೆ, ಅಷ್ಟೇ.

ಮತ್ತೆ ಎರಡು ದಿನ ಬಿಟ್ಟು ನಾನು ಚಿತ್ತಾಪುರಕ್ಕೆ ಹೋದಾಗ ಪಡಸಾಲೆಯಲ್ಲಿ ತೊಟ್ಟಿಯ ಗಾಜು ಹೊಸ ಕನ್ನಡಿಯಂತೆ ಹೊಳೆಯುತ್ತಿದೆ. ನೀರು ತಿಳಿಯಾಗಿದೆ. ಮೂಲೆಯ ಸ್ಪಂಜು ಹಳದಿಗೆ ತಿರುಗಿದೆ, ಅಂಗಡಿಯಿಂದ ಈಗ ತಂದಂತೆ. ತಾಜುನ್ನಿಸಾ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಅದರಿಂದ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತಿದೆ.

ಆಸ್ಪತ್ರೆಯ ಆಯಾ ಹಣಮವ್ವ ಎದುರಿಗೆ ನಿಂತಿದ್ದಾರೆ. ಹೆರಿಗೆ ಕೋಣೆಯಲ್ಲಿ ಕಪ್ಪಗಿದ್ದದ್ದು, ನಾರುವುದು ಏನಿದ್ದರೂ ಬ್ಲೀಚಿಂಗ್ ನೀರಿಗೆ ಹಾಕಬೇಕು ಅನ್ನುವುದು ಅವರು ಇಲ್ಲಿ ಕಲಿತ ಮೊದಲ ಪಾಠ. ಬಾಣಂತಿಯರಿಗೆ ಜ್ವರ ಬರದಂತೆ ಅವರು ಆ ಪಾಠವನ್ನು ಒಂದು ದಿನವೂ ತಪ್ಪಿಸಿಲ್ಲ.

"ನಿನಗ ಅವಸರ ಅದಂತ, ನಾನೇ ತೊಳದೀನಿ ತಾಜಬೀ. ಎಷ್ಟು ಹೊಲಸಿತ್ತವ್ವ. ಮೂರು ಸಲ ಹಿಂಡಿದ್ರೂ ಕರೀ ನೀರು ಬಂತು" ಅನ್ನುತ್ತಾರೆ. ಹೊಗಳಿಕೆಗೆ ಕಾಯುವ ದನಿ.

ತಾಜುನ್ನಿಸಾ ಸ್ಪಂಜನ್ನು ತೊಟ್ಟಿಯ ಅಂಚಿಗಿಟ್ಟು, "ಚೊಲೋ ತೊಳದೀರಿ ಹಣಮವ್ವಕ್ಕ. ನನಗಿಂತ ಚೊಲೋ" ಅನ್ನುತ್ತಾರೆ. ದನಿಯಲ್ಲಿ ಕೊಂಕಿಲ್ಲ. ಅದು ತಪ್ಪು ಎಂದು ಹಣಮವ್ವನಿಗೆ ಗೊತ್ತಾದದ್ದು ನೀಲಾಬಾಯಿ ಬಂದು ಬಿಡಿಸಿ ಹೇಳಿದ ಮೇಲೆ. ಆಗ ಅವರು ಸೆರಗು ಬಾಯಿಗೆ ಹಿಡಿದು ಒಳಗೆ ಹೋದವರು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಉಳಿದದ್ದು ವಾಡಿಯ ಅರ್ಧ ಸ್ಪಂಜು. ಅದನ್ನು ತಂದರೆ ಅಲ್ಲಿಯ ಮೀನುಗಳಿಗೆ ಹರಳಿಗೆ ಹತ್ತಿದ್ದಷ್ಟೇ ಗತಿ. ತರದಿದ್ದರೆ ಇಲ್ಲಿಯ ನೀರು ತಿಂಗಳಾದರೂ ಹದಕ್ಕೆ ಬರುವುದಿಲ್ಲ, ಟೀವಿ ಅಷ್ಟು ದಿನ ಕಾಯುವುದಿಲ್ಲ. ಪ್ಯಾಸೆಂಜರ್ ರೈಲಿನಲ್ಲಿ ವಾಡಿಗೆ ಹೋಗುವಷ್ಟು ಹೊತ್ತೂ ತಾಜುನ್ನಿಸಾ ಬಾಗಿಲ ಬಳಿ ನಿಂತೇ ಇರುತ್ತಾರೆ. ಜಾಗ ಇದೆ ಕುಂದ್ರು ಬಾ ಅಂದರೆ ಕೇಳಿಸುವುದಿಲ್ಲ.

ಕ್ಲಬ್ಬಿನಲ್ಲಿ ಟೀವಿ ಆಗಲೇ ಬಂದಿದೆ. ತೊಟ್ಟಿಯನ್ನು ಹಿಂದಿನ ಕಟ್ಟೆಗೆ ಸರಿಸಿದ್ದಾರೆ. ಕಾವಲುಗಾರ ದೇವಿಂದ್ರಪ್ಪ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ನೆರಳು ಮಾಡಿದ್ದಾರೆ.

"ಸೆಕ್ರೆಟ್ರಿ ಹೊರಗ ಹಾಕಂದ್ರು. ನಾ ಕಟ್ಟಿ ಮ್ಯಾಲ ಇಟ್ಟೀನಿ. ಇದೂ ಹೊರಗೇ ಅಲ್ಲೇನು" ಅನ್ನುತ್ತಾರೆ. "ಲಗೂ ಒಯ್ಯಿ ತಾಜಬೀ. ಬಿಸಿಲಿಗಿ ಬಾಯಿ ಮ್ಯಾಲ ಮಾಡ್ಲಿಕತ್ತಾವ."

ತಾಜುನ್ನಿಸಾ ಉಳಿದ ಸ್ಪಂಜನ್ನು ತೆಗೆದು ಹಸಿ ಬಟ್ಟೆಯಲ್ಲಿ ಸುತ್ತುತ್ತಾರೆ. "ಇವತ್ತಿಂದ ಇವುಕ್ಕ ಕೂಳು ಹಾಕಬ್ಯಾಡ್ರಿ. ಉಂಡ್ರಲ್ಲ ಹೊಲಸು ಮಾಡೋದು? ಉಪಾಸ ಇರ್ಲಿ" ಅನ್ನುತ್ತಾರೆ. ಆಮೇಲೆ ಒಂದಷ್ಟು ಹಳೆಯ ನೀರು ತೆಗೆದು ಬಾವಿಯ ನೀರು ಹಾಕುತ್ತಾರೆ. ಅಂದಿನಿಂದ ದಿನವೂ ಇದೇ ಓಡಾಟ. ಚಿತ್ತಾಪುರದಲ್ಲಿ ನವಸಾಗರ ಹಾಕುವುದು, ವಾಡಿಯಲ್ಲಿ ನೀರು ಬದಲಿಸುವುದು. ಅಲ್ಲಿದ್ದಾಗ ಇಲ್ಲಿಯ ಚಿಂತೆ, ಇಲ್ಲಿದ್ದಾಗ ಅಲ್ಲಿಯದು.

ಹೊಸ ತೊಟ್ಟಿಯನ್ನು ಹಣಮವ್ವನೇ ಹಿತ್ತಲ ಬಾವಿಯ ನೀರು ಸೇದಿ ಸೇದಿ ತೊಳೆದು ತುಂಬಿಸಿದ್ದಾರೆ. ಈಗ ಅದರ ಹತ್ತಿರ ಯಾರೂ ಸುಳಿಯುವಂತಿಲ್ಲ. ಕೈ ಅದ್ದಿದವರ ಮೇಲೆ ಕಣ್ಣು ಬಿಡುತ್ತಾರೆ. "ಹೆಪ್ಪು ಅದ ಅದ್ರಾಗ. ಬಾಣಂತಿ ಇದ್ದಂಗ. ಮುಟ್ಟಬ್ಯಾಡ್ರಿ."

ಕೊನೆಗೊಂದು ಬೆಳಗ್ಗೆ ಬಾಟಲಿಯಲ್ಲಿ ಘಾಟು ಇಲ್ಲ. ತಾಜುನ್ನಿಸಾ ಮೂಸುತ್ತಾರೆ, ಹಣಮವ್ವ ಮೂಸುತ್ತಾರೆ, ನೀಲಾಬಾಯಿಯೂ ಮೂಸುತ್ತಾರೆ. ಇಲ್ಲ.

"ಹಂಗಾದ್ರ ತರ್ರಿ ಮೀನ" ಅನ್ನುತ್ತಾರೆ ಹಣಮವ್ವ.

ತಾಜುನ್ನಿಸಾ ಒಪ್ಪುವುದಿಲ್ಲ. ಹಿಂದೆ ಶಹಾಬಾದಿನ ಒಬ್ಬ ಸಾವುಕಾರರ ಮನೆಯಲ್ಲಿ ತೊಟ್ಟಿ ಮಾಡಿದಾಗ ಘಾಟು ಹೋಯಿತೆಂದು ಮೀನು ಬಿಟ್ಟಿದ್ದರು. ಅವು ಉಸಿರು ಸಿಗದವರಂತೆ ಮೇಲೆ ಬಂದು ಸತ್ತವು. ಅಲ್ಲಿಯ ಶಾಲೆಯ ಸಿರಾಜುದ್ದೀನ ಮಾಸ್ತರರು ಕರೆದು ಕೂರಿಸಿ ತಿಳಿಸಿ ಹೇಳಿದರಂತೆ: ಮೊದಲ ವಿಷ ತಿಂದ ಜೀವಗಳು ಎರಡನೆಯ ವಿಷ ಬಿಡುತ್ತವೆ, ಅದಕ್ಕೆ ವಾಸನೆ ಇಲ್ಲ, ಅದನ್ನು ತಿನ್ನುವ ಜೀವಗಳೇ ಬೇರೆ, ಅವು ಏಳುವುದು ತಡ.

"ಮೂಗಿಗಿ ಗೊತ್ತಾಗೋ ತನಕ ನನ್ನ ಕೈಯಾಗ ಅದ್ರಿ. ಇನ್ನ ಮುಂದ ಕೈಯಾಗಿಲ್ಲ. ಸಬರ್ ಮಾಡೋದೇ, ಕಾಯೋದೇ" ಅನ್ನುತ್ತಾರೆ. ಹಾಗೆ ಅಂದವರು ಒಂದು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ.

ಆ ಕಾಯುವಿಕೆಯಲ್ಲಿ ವಾಡಿಯ ಕಟ್ಟೆಯ ಮೇಲೆ ಎಲ್ಲಕ್ಕಿಂತ ಹಳೆಯ ಕರೀ ಮೀನು ಸತ್ತಿತು. ದೇವಿಂದ್ರಪ್ಪ ಹೇಳಲು ಹಿಂಜರಿದರು. ತಾಜುನ್ನಿಸಾ ಅದನ್ನು ಎಲೆಯಲ್ಲಿ ಸುತ್ತಿ ಬೇವಿನ ಗಿಡದ ಬುಡಕ್ಕೆ ಹಾಕಿದರು. "ನಿನ್ನಿ ಒಯ್ದಿದ್ರ ಇದು ಉಳಿತಿತ್ತೇನೋ. ಇಲ್ಲಾ, ಎಲ್ಲಾವೂ ಹೋಗ್ತಿದ್ವೇನೋ. ಯಾರಿಗಿ ಗೊತ್ತು" ಅಂದರು. ಅವತ್ತೂ ಒಯ್ಯಲಿಲ್ಲ.

ಮತ್ತೂ ಕೆಲವು ದಿನ ಕಾದ ಮೇಲೆ, ಒಯ್ಯುವ ದಿನ ದಸ್ತಗೀರ ಹೊಸ ಕಲಾಯಿ ಹಾಕಿದ ತಾಮ್ರದ ಹಂಡೆ ಹೊತ್ತು ಸ್ಟೇಶನ್ನಿಗೆ ಬಂದಿದ್ದಾರೆ. ಬೆಳ್ಳಿಯಂತೆ ಮಿಂಚುತ್ತಿದೆ. ಹೆಂಡತಿ ಅದನ್ನು ಮುಟ್ಟುವುದೂ ಇಲ್ಲ. ಮೀನು ಆಗಲೇ ಮಣ್ಣಿನ ಗಡಿಗೆಯಲ್ಲಿವೆ.

"ತಾಮ್ರ ಬ್ಯಾಡ್ರಿ. ಮೀನಿಗಿ ಆಗಂಗಿಲ್ಲ."

"ನನ್ನ ಕಲಾಯಿ ಮ್ಯಾಲ ನಂಬಿಕಿ ಇಲ್ಲೇನು ನಿನಗ?"

"ಕಲಾಯಿ ಮ್ಯಾಲ ಅದ. ಅದ್ರ ಸಂದಿ ಮ್ಯಾಲ ಇಲ್ಲ."

ದಸ್ತಗೀರ ಸುತ್ತ ನಿಂತವರ ಮುಖ ನೋಡುತ್ತಾರೆ. "ಕೇಳಿದ್ರೇನ್ರಿ? ಇಡೀ ಚಿತ್ತಾಪುರ ತಾಲ್ಲೂಕು ನನ್ನ ಹಂಡ್ಯಾಗ ಉಂಡದ. ಈ ಬೆರಳಿನಷ್ಟು ಮೀನಕ್ಕ ನಡಿಯಂಗಿಲ್ಲಂತ." ಹಾಗೆ ಬೈಯುತ್ತಲೇ ಖಾಲಿ ಹಂಡೆ ಕೆಳಗಿಟ್ಟು, ಗಡಿಗೆ ಹಿಡಿದುಕೊಂಡು ರೈಲಿನ ಡಬ್ಬಿ ಹತ್ತುತ್ತಾರೆ. ದಾರಿಯುದ್ದಕ್ಕೂ ಅದನ್ನು ಅಲುಗಿಸದಂತೆ ತೊಡೆಯ ಮೇಲೆ ಇಟ್ಟುಕೊಂಡಿರುತ್ತಾರೆ. ಮಜ್ಜಿಗೆಯೇನು ಎಂದು ಕೇಳಿದವರಿಗೆ, "ಹೂಂ. ಈಜೋ ಮಜ್ಜಗಿ" ಅನ್ನುತ್ತಾರೆ.

ಮೀನು ಬಿಟ್ಟ ಮರುದಿನ ಬೆಳಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಜಾಗವಿಲ್ಲ. ಕರಿಯವು, ಕೆಂಪು ಬಾಲದವು, ಎಲ್ಲವೂ ಗಾಜಿಗೆ ಮೂತಿ ಹಚ್ಚಿ ಕೂಳು ಕೇಳುತ್ತಿವೆ. ಒಂದೂ ಮೇಲೆ ಬಂದು ಬಾಯಿ ತೆರೆಯುತ್ತಿಲ್ಲ. ಹಣಮವ್ವ ಬಂದವರಿಗೆಲ್ಲ ತಾವೇ ಹೆತ್ತಂತೆ ತೋರಿಸುತ್ತಿದ್ದಾರೆ. ಹೆರಿಗೆನೋವು ಹಿಡಿದು ಬಂದ ಒಬ್ಬ ಹುಡುಗಿ ಬೆಂಚಿಗೆ ಆತುಕೊಂಡು, ನೋವು ಬಂದಾಗ ಕಣ್ಣು ಮುಚ್ಚಿ, ಹೋದಾಗ ತೆರೆದು ಮೀನುಗಳನ್ನೇ ನೋಡುತ್ತಿದ್ದಾಳೆ.

ತಾಜುನ್ನಿಸಾ ಅಲ್ಲೇ ಗೋಡೆಗೆ ಆತು ನಿಂತಿದ್ದಾರೆ. ಇದರಲ್ಲಿ ಯಾವ ಮೀನು ನಿಮಗೆ ಚೆಂದ ಕಾಣುತ್ತದೆ ಎಂದು ನಾನು ಕೇಳುತ್ತೇನೆ.

"ಖರೇ ಹೇಳ್ಲೇನ್ರಿ? ಇಷ್ಟು ವರ್ಷ ನಾ ನೀರೇ ನೋಡೀನಿ. ಮೀನ ನೋಡೇ ಇಲ್ಲ. ಒಂದ್ ದಿನ ಈ ಹೆಣ್ಮಕ್ಕಳಂಗ ಬೆಂಚಿನ ಮ್ಯಾಲ ಕುಂತು, ಏನೂ ಮಾಡ್ದೆ, ಬರೇ ಮೀನ ನೋಡಬೇಕಂತ ಅದ."

ಇವತ್ತೇ ಕೂರಬಹುದಲ್ಲ ಅಂದರೆ ತಲೆ ಅಲ್ಲಾಡಿಸುತ್ತಾರೆ.

"ಇವತ್ತ ಬ್ಯಾಡ್ರಿ. ಇವತ್ತ ನೀರು ಇನ್ನಾ ಹೊಸಾದದ."