ಅವರ ಸಮಾಧಾನದ ಮೇಲೆ ನನ್ನ ಅನುಮಾನ

ನನ್ನ ಗಂಡ ಇಪ್ಪತ್ತೆರಡು ವರ್ಷ ಕನಕಪುರದಿಂದ ರಾಮನಗರಕ್ಕೆ ಖಾಸಗಿ ಬಸ್ಸು ಓಡಿಸಿದವರು. ಪಕ್ಕದಲ್ಲಿ ಬಂದ ಬೈಕು ಎರಡು ಸಲ ಕಾಣಿಸಲೇ ಇಲ್ಲ ಎಂದು ಅವರೇ ಹೇಳಿದ ಮೇಲೆ ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಹೋದೆವು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು, ಇನ್ನು ಬಸ್ಸು ಓಡಿಸಬೇಡಿ ಎಂದರು ಡಾಕ್ಟರು. ನಾನು ಅಲ್ಲೇ ಅತ್ತುಬಿಟ್ಟೆ. ಇವರು "ಆಯ್ತು ಸಾ" ಎಂದು ಎದ್ದು ನಿಂತರು.

ಮನೆಗೆ ಬಂದು ಎಂದಿನಂತೆ ಎರಡು ಮುದ್ದೆ ಉಂಡರು. ಮಾರನೇ ದಿನ ಮಾಲೀಕರಿಗೆ ಕೀಲಿಕೈ ಕೊಟ್ಟು ಬಂದರು. ಒಂದು ಬೈಗುಳವಿಲ್ಲ, ನಿಟ್ಟುಸಿರಿಲ್ಲ. ದಾರಿಯಲ್ಲಿ ಯಾರಾದರೂ ಅಡ್ಡ ಬಂದರೆ ಅರ್ಧ ದಿನ ಕೋಪ ಇಳಿಯದ ಮನುಷ್ಯ ಇವರು. ಈ ಸಮಾಧಾನವನ್ನು ನಾನು ನಂಬಲಿಲ್ಲ.

ಒಂದು ವಾರ ಕಳೆದ ಮೇಲೆ ದಿನಾ ಹತ್ತು ಗಂಟೆಗೆ ಹೊರಗೆ ಹೋಗತೊಡಗಿದರು. ಬರುವಾಗ ಪ್ಯಾಂಟಿನ ಮಂಡಿಯಲ್ಲಿ ಮಣ್ಣು.

"ಎಲ್ಲಿಗೆ ಹೋಗಿದ್ರಿ?"

"ಇಲ್ಲೇ ಒಸಿ ಓಡಾಡ್ಕೊಂಡು ಬಂದೆ."

ಒಗೆಯುವ ನೆಪದಲ್ಲಿ ಅಂಗಿ ಮೂಸಿದೆ. ಹೆಂಡದ ವಾಸನೆ ಇರಲಿಲ್ಲ. ಫೋನು ತೆಗೆದು ಯಾರ ಜೊತೆ ಮಾತಾಡಿದ್ದಾರೆ ಎಂದು ನೋಡಿದೆ. ಏನೂ ಸಿಗದೆ ಹೋದಾಗ ಭಯ ಹೆಚ್ಚಾಯಿತು. ನಮ್ಮ ಬೀದಿಯ ಹಿಂದೆ, ಕಲ್ಲು ತೆಗೆದು ಬಿಟ್ಟ ಹಳೇ ಕ್ವಾರಿಯ ಗುಂಡಿಯಲ್ಲಿ ಆಳುದ್ದ ನೀರು ನಿಂತಿದೆ. ಇಲಿ ಪಾಷಾಣದ ಡಬ್ಬಿಯನ್ನು ಪಕ್ಕದ ಮನೆಯಲ್ಲಿಟ್ಟು ಬಂದೆ. ಗುಂಡಿಯನ್ನು ಎಲ್ಲಿ ಬಚ್ಚಿಡಲಿ?

ಒಂದು ದಿನ ಹಿಂದೆಯೇ ಹೊರಟೆ. ಅವರು ಕ್ವಾರಿಯ ದಾರಿಗೇ ತಿರುಗಿದಾಗ ನಾನು ಬಿರಬಿರನೆ ಹೆಜ್ಜೆ ಹಾಕಿದೆ. ಆದರೆ ಗುಂಡಿಗಿಂತ ಮೊದಲೇ, ಶಾಲೆಯ ಕಾಂಪೌಂಡಿನ ಹತ್ತಿರ ನಿಂತರು. ಹೆಗಲ ಮೇಲಿನ ಟವೆಲ್ಲು ತೆಗೆದು ಕಣ್ಣಿಗೆ ಕಟ್ಟಿಕೊಂಡರು. ಎಡಗೈಯಿಂದ ಗೋಡೆ ಸವರುತ್ತ ನಡೆಯತೊಡಗಿದರು. ಮೋರಿಯ ಬಳಿ ಎಡವಿ ಮಂಡಿಯೂರಿ ಬಿದ್ದರು. ಎದ್ದು ಹಿಂದಕ್ಕೆ ಹೋಗಿ, ಅದೇ ಜಾಗವನ್ನು ಮತ್ತೆ ದಾಟಿದರು.

"ಬಾ, ಅದ್ಯಾಕೆ ಕದ್ದು ಬತ್ತೀಯಾ? ನಿನ್ನ ಚಪ್ಪಲಿ ಸದ್ದು ನಂಗೊತ್ತಿಲ್ವಾ?" ಎಂದರು.

ನನಗೆ ಸಿಟ್ಟು ಬಂತು. "ನಾನು ಏನೇನೋ ಅಂದ್ಕೊಂಡು ಸಾಯ್ತಿದೀನಿ. ಒಂದು ಮಾತು ಹೇಳೋಕೇನಾಗಿತ್ತು ನಿಮ್ಗೆ?"

"ಹೇಳಿದ್ರೆ ನೀನು ಅಳ್ತಿದ್ದೆ. ಕತ್ಲೆ ಬರೋದು ಬಂದೇ ಬತ್ತದೆ ಕಣೆ. ಒಸಿ ಬೆಳಕಿರೋವಾಗ್ಲೇ ದಾರಿ ಕಲ್ತ್ಕೊಬುಡಾನ ಅಂತ."

"ನಿಮ್ಗೆ ಬೇಜಾರೇ ಇಲ್ವಾ?"

ಟವೆಲ್ಲು ಬಿಚ್ಚಿದರು. ಕಣ್ಣು ಕೆಂಪಗಿದ್ದವು. "ಇಲ್ದೆ ಇರ್ತದಾ? ದಿನಾ ಐತೆ. ಐತೆ ಅಂತ ಮನೇಲಿ ಕೂತ್ಕೊಂಡ್ರೆ ಆಯ್ತದಾ?"

ಬೇಜಾರೇ ಆಗದವರು ಮಾತ್ರ ಇಂಥದ್ದನ್ನು ಒಪ್ಪಿಕೊಳ್ಳಬಲ್ಲರು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಈಗ ಅವರಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹೋದ ತಿಂಗಳು ಅಕ್ಕೂರಿನ ನಾದಿನಿಯ ಮನೆಯಲ್ಲಿ ರೇಷ್ಮೆಗೂಡು ಬಿಡಿಸುತ್ತಿದ್ದರು. ಇವರು ಚಾಪೆಯ ಮೇಲೆ ಕೂತು, ಹೆಬ್ಬೆರಳಲ್ಲಿ ಒತ್ತಿ ಒತ್ತಿ, ಬೆಲೆ ಬಾರದ ಮೆತ್ತನೆಯ ಗೂಡುಗಳನ್ನು ಬೇರೆ ಮಾಡಿದರು.

"ಅಣ್ಣ, ಕಣ್ಣಿರೋ ನಮಗಿಂತ ನೀನೇ ಬೇಗ ಮಾಡ್ತೀಯಲ್ಲ!" ಎಂದಳು ನಾದಿನಿ.

ಇವರು ನಕ್ಕರು. ಆ ನಗುವಿನ ಹಿಂದೆ ಏನಿದೆ ಎಂದು ಅಭ್ಯಾಸಬಲದಿಂದ ಮುಖವನ್ನೇ ನೋಡಿದೆ. ಪೂರ್ತಿ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ ನಾನೂ ಒಂದು ಗೂಡು ಒತ್ತಿದೆ. "ಗಟ್ಟಿಯೋ ಮೆತ್ತಗೋ ಗೊತ್ತಾಗ್ತಿಲ್ಲ" ಎಂದೆ.

"ಆತುರ ಬ್ಯಾಡ, ಇನ್ನೊಂದ್ಸಲ ಒತ್ತಿ ನೋಡು" ಎಂದರು.