ಟೈರು ಮುಟ್ಟಿ ನೋಡುವ ಕೈ

ವರ್ಲಿನ್ ಕುಚೆರಾ ಅಮೆರಿಕದ ನೆಬ್ರಾಸ್ಕದಲ್ಲಿ ಮೂವತ್ತೆಂಟು ವರ್ಷ ದನದ ಲಾರಿ ಓಡಿಸಿದವನು. ಅಷ್ಟು ವರ್ಷದಲ್ಲಿ ದಾರಿಯ ಮೇಲೆ ಒಂದು ಟೈರೂ ಸಿಡಿದಿರಲಿಲ್ಲ ಎಂಬುದನ್ನು ಪರಿಚಯವಾದ ಐದು ನಿಮಿಷದೊಳಗೆ ಹೇಳಿಬಿಡುತ್ತಿದ್ದ. ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಲಾರಿ ನಿಂತಲ್ಲೆಲ್ಲ ಇಳಿದು, ಪ್ರತಿ ಚಕ್ರದ ನಡುಭಾಗವನ್ನೂ ಟೈರನ್ನೂ ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದ. ಕೆಡಲಿರುವ ಚಕ್ರ ಮೊದಲು ಬಿಸಿಯಾಗುತ್ತದೆ, ಉಳಿದದ್ದೆಲ್ಲ ಆಮೇಲೆ ಎಂಬುದು ಅವನ ನಂಬಿಕೆ.

ನಿವೃತ್ತನಾದ ಮೇಲೆ ಅವನೂ ಹೆಂಡತಿ ನಿಯೋಲಾಳೂ ಇಪ್ಪತ್ತಾರು ಅಡಿಯ ಟ್ರೇಲರ್ ಮನೆಯೊಂದನ್ನು ಕೊಂಡರು. ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಅದರಲ್ಲೇ. ಚಳಿಗಾಲ ಹತ್ತಿರವಾದರೆ ಅದನ್ನು ಪಿಕಪ್ಪಿನ ಬೆನ್ನಿಗೆ ಕಟ್ಟಿಕೊಂಡು ಆರಿಜೋನಾದ ಬೆಚ್ಚನೆಯ ಊರು ಯೂಮಾ ಕಡೆ ಹೊರಡುತ್ತಿದ್ದರು. ಹಾಗೆ ಎಂಟು ಚಳಿಗಾಲ ಕಳೆದಿದ್ದವು. ದಾರಿಯಲ್ಲಿ ನಿಂತಾಗಲೆಲ್ಲ ವರ್ಲಿನ್ ಟ್ರೇಲರಿನ ನಾಲ್ಕು ಚಕ್ರಗಳನ್ನು ಮುಟ್ಟುತ್ತ ಒಂದೊಂದಕ್ಕೂ ಒಂದು ಕೂಗು ಹಾಕುವನು, "ತಣ್ಣಗಿದೆ" ಅಥವಾ "ಬೆಚ್ಚಗಿದೆ". ನಿಯೋಲಾ ಮುಂದಿನ ಸೀಟಿನಲ್ಲಿ ಫ್ಲಾಸ್ಕು ಹಿಡಿದು ಕೂತು ಕೇಳಿಸಿಕೊಳ್ಳುವಳು. ನಾಲ್ಕನೆಯ ಕೂಗು ಕಿವಿಗೆ ಬಿದ್ದ ಮೇಲೆ, ಗಾಡಿ ಹೆದ್ದಾರಿಗೆ ಹತ್ತುವಷ್ಟರಲ್ಲಿ, ಅವಳಿಗೆ ನಿದ್ದೆ ಬಂದಿರುತ್ತಿತ್ತು.

ಅವರಿಬ್ಬರ ನಡುವೆ ಒಂದು ಮಾತಾಗಿತ್ತು. ಎಂದು ವರ್ಲಿನ್‌ಗೆ ಚಕ್ರಗಳ ಮೇಲೆ ಭರವಸೆ ತಪ್ಪುತ್ತದೋ ಅಂದು ಟ್ರೇಲರ್ ಮಾರುವುದು, ಲಿಂಕನ್ ಊರಿನಲ್ಲಿರುವ ಮಗಳ ಮನೆಯ ನೆಲಮಾಳಿಗೆಗೆ ಹೋಗಿ ಇರುವುದು. ಮಗಳು ಅಲ್ಲಿ ಕೋಣೆ ಸಿದ್ಧಮಾಡಿ, ಪರದೆ ಕೂಡ ಹೊಲಿಸಿ ಇಟ್ಟಿದ್ದಳು. ಆ ಪರದೆಯ ಹೂವುಗಳ ಮಾತು ಬಂದರೆ ವರ್ಲಿನ್ ಎದ್ದು ಹೊರಗೆ ಹೋಗುತ್ತಿದ್ದ.

ಈಗ ಹೇಳಲೇಬೇಕಾದ ಸಂಗತಿಯೆಂದರೆ, ಆ ವರ್ಷದ ಅಕ್ಟೋಬರಿನಿಂದ ಅವನ ಎರಡೂ ಕೈಗಳಿಗೆ ಬಿಸಿ ತಣ್ಣನೆ ಗೊತ್ತಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಬ್ಬಿಣದ ಬಾಣಲೆಯ ಹಿಡಿ ಹಿಡಿದಿದ್ದವನಿಗೆ ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ವಿಷಯ ತಿಳಿದದ್ದು. ಕತ್ತಿನ ಮೂಳೆ ಸವೆದು ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ಹಿಡಿತ ಗಟ್ಟಿಯಾಗಿದೆ, ಗಾಡಿ ಓಡಿಸಲು ಅಡ್ಡಿಯಿಲ್ಲ ಎಂದೂ ಹೇಳಿದರು. ನಿಯೋಲಾಳಿಗೆ ಅವನು ಹೇಳಿದ್ದು ಆ ಕೊನೆಯ ಮಾತನ್ನು ಮಾತ್ರ. ನವೆಂಬರಿನಲ್ಲಿ ಎಂದಿನಂತೆ ಹೊರಟರು, ಎಂದಿನಂತೆ ಅವನು ಚಕ್ರ ಮುಟ್ಟಿದ, ಎಂದಿನಂತೆ ಕೂಗಿದ. ಕೂಗಿದ್ದೆಲ್ಲ ಊಹೆಯಾಗಿತ್ತು.

ಊಹೆಯಿಂದ ಮನುಷ್ಯ ಎಷ್ಟು ದಿನ ನೆಮ್ಮದಿಯಾಗಿರಲು ಸಾಧ್ಯ? ನ್ಯೂ ಮೆಕ್ಸಿಕೋದ ಡೆಮಿಂಗ್ ಮುಟ್ಟುವ ಹೊತ್ತಿಗೆ ಅವನು ಹೈರಾಣಾಗಿದ್ದ. ಅಲ್ಲಿ ಅವರು ಪ್ರತಿ ವರ್ಷ ವಾರವೊಂದು ತಂಗುವ ಮೈದಾನದಲ್ಲಿ ಓರಲಿಯಾ ಟಫೋಯಾ ಎಂಬ ಹೆಂಗಸು ಒಬ್ಬಳೇ ತನ್ನ ಟ್ರೇಲರಿನಲ್ಲಿ ಇರುತ್ತಿದ್ದಳು. ಹಿಂದೆ ವಿಮಾನಗಳ ರಿಪೇರಿ ಮಾಡುತ್ತಿದ್ದವಳು. ಟೈರಿನ ಗಾಳಿ ತಿಳಿಸುವ ಯಂತ್ರ ಹಾಕಿಸು ಎಂದು ನಾಲ್ಕು ವರ್ಷದಿಂದ ಅವನ ತಲೆ ತಿನ್ನುತ್ತಿದ್ದಳು. ಮುಂದಿನ ಗಾಡಿಯ ಟೈರು ಕೆಟ್ಟರೆ ಸ್ಟೀರಿಂಗು ಹೇಳುತ್ತದೆ, ಹಿಂದಿನ ಟ್ರೇಲರಿನದು ಕೆಟ್ಟರೆ ಯಾರು ಹೇಳುತ್ತಾರೆ ಎಂಬುದು ಅವಳ ವಾದ. ವರ್ಲಿನ್ ಪ್ರತಿ ಸಲವೂ ತನ್ನ ಕೈ ತೋರಿಸಿ ನಗುತ್ತಿದ್ದ. ಈ ಸಲ ತಾನಾಗಿಯೇ ಹೋಗಿ, ಯಾವುದನ್ನು ಕೊಳ್ಳಲಿ ಎಂದು ಕೇಳಿದಾಗ ಅವಳು ಕುರ್ಚಿಯಿಂದ ಅರ್ಧ ಎದ್ದಳು.

"ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು? ಆ ಪವಾಡದ ಕೈಗೇನಾಯ್ತು?"

ವಯಸ್ಸಾಯಿತು, ಬಗ್ಗುವುದಕ್ಕೆ ಸೊಂಟ ಕೇಳುವುದಿಲ್ಲ ಎಂದು ಅವನು ತೇಲಿಸಿಬಿಟ್ಟ.

ಓರಲಿಯಾ ಮೂರು ಬಗೆ ಹೇಳಿದಳು. ಒಂದರಲ್ಲಿ ಗಾಳಿ ಅಳೆಯಲು ವಾಲ್ವಿನ ತಲೆಗೆ ತಿರುಪುವ ಸೆನ್ಸರಿನ ಬ್ಯಾಟರಿ ಮುಗಿದರೆ ಸೆನ್ಸರನ್ನೇ ಎಸೆಯಬೇಕು. ಇನ್ನೊಂದರಲ್ಲಿ ಬ್ಯಾಟರಿ ಬದಲಿಸಬಹುದು. ಮೂರನೆಯದರಲ್ಲಿ ಸೆನ್ಸರ್ ಬಿಚ್ಚದೆಯೇ ಗಾಳಿ ತುಂಬಬಹುದು, ಆದರೆ ಅದು ಭಾರ. ರಬ್ಬರಿನ ವಾಲ್ವಿಗೆ ಹಾಕಿದರೆ ವಾಲ್ವೇ ಬಾಗಿ ಸೀಳುತ್ತದೆ, ಲೋಹದ ವಾಲ್ವು ಹಾಕಿಸಿಕೊಳ್ಳಬೇಕು. ವರ್ಲಿನ್‌ಗೆ ಇದಾವುದರ ಮೇಲೂ ಲಕ್ಷ್ಯವಿರಲಿಲ್ಲ. ಬಿಸಿ ಎಷ್ಟೆಂದು ತೋರಿಸುತ್ತದೋ ಇಲ್ಲವೋ ಎಂಬುದೊಂದನ್ನೇ ತಿರುಗಿ ತಿರುಗಿ ಕೇಳಿದ.

"ತೋರ್ಸುತ್ತಪ್ಪ. ಆದ್ರೆ ವಾಲ್ವ್ ಹತ್ರದ ಬಿಸಿ ಅದು, ಚಕ್ರದ ಹೊಟ್ಟೇದಲ್ಲ. ಅಂಕಿ ಎಷ್ಟು ಅಂತ ನೋಡ್ಬೇಡ. ನಾಲ್ಕರಲ್ಲಿ ಮೂರು ಒಂದು ದಾರಿ, ಒಂದು ಇನ್ನೊಂದು ದಾರಿ ಹಿಡೀತೋ, ಗಾಡಿ ನಿಲ್ಸು."

ಅಂಗಡಿಗೆ ನಿಯೋಲಾಳೂ ಬಂದಳು. ಎರಡನೆಯ ಬಗೆಯದು ಇಬ್ಬರಿಗೂ ಒಪ್ಪಿಗೆಯಾಯಿತು. ಕಿವಿ ಸ್ವಲ್ಪ ಮಂದವಾದ್ದರಿಂದ ಎಚ್ಚರಿಕೆಯ ಸದ್ದು ಸಾಕಷ್ಟು ಜೋರಿದೆಯೇ ಎಂದು ವರ್ಲಿನ್ ಪರೀಕ್ಷೆ ಮಾಡಿದ. ಇಡೀ ಅಂಗಡಿ ತಿರುಗಿ ನೋಡಿತು. ಅವನಿಗೆ ಅಂಕಿ ತೋರಿಸುವ ಪರದೆ ಸಣ್ಣದಿರುವುದು ಬೇಕಿತ್ತು, ಸ್ಟೀರಿಂಗಿನ ಎಡಗಡೆ ತನ್ನ ಕಣ್ಣಿಗೊಂದೇ ಬೀಳುವಂತೆ ಅಂಟಿಸಿಕೊಳ್ಳುವುದಕ್ಕೆ. ನಿಯೋಲಾ ದೊಡ್ಡ ಅಂಕಿಯದನ್ನೇ ಆರಿಸಿ, ತನ್ನ ಸೀಟಿನ ಮುಂದೆ ನಿಲ್ಲಿಸಿದಳು. ಅವನು ಬೇಡವೆಂದು ಕೊಸರಾಡಿದ.

"ನೀನು ರಸ್ತೆ ನೋಡು," ಎಂದಳು ಅವಳು.

ಮರುದಿನ ಬಿಸಿಲೇರುವ ಮೊದಲೇ, ಟೈರುಗಳೆಲ್ಲ ತಣ್ಣಗಿರುವಾಗ, ಓರಲಿಯಾ ಬಂದು ನಿಂತು ಅರವತ್ತೈದು ಪೌಂಡಿಗೆ ಗಾಳಿ ಸರಿಮಾಡಿಸಿದಳು. ಓಡುತ್ತ ಬಿಸಿಯಾದ ಟೈರಿನಲ್ಲಿ ಅಂಕಿ ಏರಿದ್ದು ಕಂಡು ಗಾಬರಿಯಿಂದ ಗಾಳಿ ಬಿಡಬೇಡ ಎಂದು ಎರಡೆರಡು ಸಲ ಹೇಳಿದಳು. ಲಾರಿ ಓಡಿಸಿದವನಿಗೆ ಇದನ್ನು ಹೇಳಬೇಕೇ ಎಂದು ವರ್ಲಿನ್ ಗೊಣಗಿದ. ಆದರೂ ಅಂದು ಪಡುವಣಕ್ಕೆ ಹೊರಟಾಗ ತಿಂಗಳಿನಿಂದ ಅವನ ಭುಜದ ಮೇಲೆ ಕೂತಿದ್ದ ಭಾರ ಇಳಿದಿತ್ತು. ನಿಯೋಲಾ ಆಗಾಗ ಅಂಕಿಗಳನ್ನು ಓದಿ ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ.

ಆರಿಜೋನಾ ಸೇರಿದ ಮೇಲೆ ಬಂಡೆಗಳ ನಡುವಿನ ಟೆಕ್ಸಸ್ ಕ್ಯಾನಿಯನ್ ಎಂಬ ತಂಗುದಾಣದಲ್ಲಿ ಗಾಡಿ ನಿಂತಿತು. ಎಂಜಿನ್ ಆರಿಸಿ ವರ್ಲಿನ್ ಇಳಿದ. ಹಿಂದಿನ ಎಡ ಚಕ್ರದ ಬಿಸಿ ನೂರಮೂವತ್ತು ಡಿಗ್ರಿ ಫ್ಯಾರನ್‌ಹೀಟ್ ಎಂದು ಪರದೆ ತೋರಿಸುತ್ತಿದ್ದುದನ್ನು ನಿಯೋಲಾ ಆಗಷ್ಟೇ ನೋಡಿದಳು. ಉಳಿದ ಮೂರೂ ತೊಂಬತ್ತರ ಆಸುಪಾಸಿನಲ್ಲಿದ್ದವು. ಸದ್ದು ಮಾಡುವ ಮಟ್ಟಕ್ಕೆ ಅದು ಇನ್ನೂ ಮುಟ್ಟಿರಲಿಲ್ಲ. ಕೂಗಿ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಹೊಸ ಯಂತ್ರ ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ನೋಡೋಣ, ಅವನ ಕೈ ಹೇಗೂ ಹೇಳುತ್ತದಲ್ಲ ಎಂದುಕೊಂಡಳು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಪೂರ್ತಿ ನಂಬಿದ್ದು ಆ ಕೈಯನ್ನು.

ವರ್ಲಿನ್‌ಗೆ ಪರದೆ ನೋಡಿ ಇಳಿಯಬೇಕೆಂದು ಹೊಳೆಯಲೇ ಇಲ್ಲ. ಅಭ್ಯಾಸಬಲದಿಂದ ಮೊದಲು ಕಾಲು ನಡೆಯಿತು, ಆಮೇಲೆ ಬಾಯಿ ನಡೆಯಿತು. ಬೆಚ್ಚಗಿದೆ. ಬೆಚ್ಚಗಿದೆ. ತಣ್ಣಗಿದೆ. ಕೊನೆಗೆ ಹಿಂದಿನ ಎಡ ಚಕ್ರದ ನಡುಭಾಗಕ್ಕೆ ಕೈಯ ಹಿಂಬದಿ ಒತ್ತಿ, ಎಂದಿಗಿಂತ ತುಸು ಹೆಚ್ಚೇ ಹೊತ್ತು ಇಟ್ಟು, "ತಣ್ಣಗಿದೆ," ಎಂದು ಕೂಗಿದ.

ನಿಯೋಲಾ ನಕ್ಕಳು. ಯಂತ್ರ ಕೊಟ್ಟವನು ಟೋಪಿ ಹಾಕಿದ್ದಾನೆ ಎಂದು ಪರದೆಯನ್ನು ಕಿತ್ತುಕೊಂಡೇ ಇಳಿದು ಬಂದಳು, ಅವನಿಗೆ ತೋರಿಸಿ ಗೇಲಿ ಮಾಡುವುದಕ್ಕೆ. "ನೋಡಿಲ್ಲಿ ನಿನ್ನ ಹೊಸ ಗೆಳೆಯನ್ನ," ಎನ್ನುತ್ತ ತಾನೂ ಚಕ್ರ ಮುಟ್ಟಿದವಳು ಚುರ್ರೆಂದು ಬೆರಳು ಹಿಂದೆಳೆದುಕೊಂಡಳು. ಆಮೇಲೆ ಅವನ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳ ಗೆಣ್ಣುಗಳ ಮೇಲೆ ಚರ್ಮ ಕೆಂಪಾಗಿ ಏಳುತ್ತಿತ್ತು.

"ನೋವಿಲ್ಲ," ಎಂದ ವರ್ಲಿನ್.

"ಯಾವಾಗಿಂದ?"

"ಅಕ್ಟೋಬರಿಂದ."

"ಹಾಗಾದ್ರೆ ದಾರೀಲಿ ನೀನು ಕೂಗಿದ್ದೆಲ್ಲ?"

ಉತ್ತರಕ್ಕೆ ಕಾಯದೆ ಅವಳು ಹೋಗಿ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ಚಕ್ರ ಆರಲು ಮುಕ್ಕಾಲು ಗಂಟೆ ಹಿಡಿಯಿತು. ಬ್ರೇಕು ಒಳಗೆ ಕಚ್ಚಿಕೊಂಡಿತ್ತು. ವರ್ಲಿನ್ ಟ್ರೇಲರಿನಡಿ ಮಲಗಿ ಅದನ್ನು ಸಡಿಲಿಸಿದ. ಕೆಲಸದುದ್ದಕ್ಕೂ ಮಗಳ ಮನೆಯ ಹೂವಿನ ಪರದೆಯೇ ಕಣ್ಣ ಮುಂದಿತ್ತು. ಎದ್ದು ಬಟ್ಟೆ ಕೊಡವಿಕೊಂಡು, ಅವಳ ಕಿಟಕಿಯ ಬಳಿ ನಿಂತು, ಮಗಳಿಗೆ ಫೋನ್ ಮಾಡು ಎಂದು ತಾನೇ ಹೇಳಿದ. ಸುಳ್ಳು ಹೇಳಿ ಗೆದ್ದ ದಾರಿಯಲ್ಲಿ ಅವನಿಗೆ ಯಾವ ಸುಖವೂ ಸಿಕ್ಕಿರಲಿಲ್ಲ.

ನಿಯೋಲಾ ಗಾಜು ಇಳಿಸಿದಳು. ಅತ್ತಿದ್ದಳು, ಅದನ್ನು ಮರೆಮಾಚಲೂ ಇಲ್ಲ.

"ಟೈರ್ ಸಿಡಿದ್ರೆ ಸಿಡೀತಿತ್ತು ವರ್ಲ್, ಅದೇನ್ ಮಹಾ. ನೀನು ಕೂಗಿದ್ದು ಕೇಳ್ಕೊಂಡು ನಾನು ನಿದ್ದೆ ಮಾಡ್ತಿದ್ದೆ."

ಅಲ್ಲಿಂದ ಮುಂದಿನ ಊರಾದ ಬೆನ್ಸನ್‌ವರೆಗೆ ಪಡುವಣಕ್ಕೇ ಹೋದರು. ನಿಯೋಲಾ ನಿದ್ದೆಯನ್ನೂ ಮಾಡಲಿಲ್ಲ, ಅಂಕಿಗಳನ್ನೂ ಓದಿ ಹೇಳಲಿಲ್ಲ. ಅವನು ರಸ್ತೆ ನೋಡಿದ, ಅವಳು ಪರದೆ ನೋಡಿದಳು. ಬೆನ್ಸನ್ನಿನಲ್ಲಿ ಪೆಟ್ರೋಲ್ ಬಂಕಿನ ಪಕ್ಕ ಗಾಡಿ ನಿಲ್ಲಿಸಿದ. ಬಂದ ದಾರಿಗೆ ತಿರುಗಿಸಲು ಅಲ್ಲಿ ಬೇಕಾದಷ್ಟು ಜಾಗವಿತ್ತು. ಅವನು ಬಾಗಿಲಿಗೆ ಕೈ ಹಾಕುವುದರೊಳಗೆ ನಿಯೋಲಾ ಪರದೆಯನ್ನು ಅವನ ತೊಡೆಯ ಮೇಲಿಟ್ಟು ಇಳಿದಳು.

"ಕೈ ಯಾವ ಮಗ್ಗುಲು ಇಡ್ಬೇಕು?" ಎಂದು ಹಿಂದಿನಿಂದ ಅವಳ ದನಿ ಬಂತು.

"ಹಿಂಬದಿ. ಮೊದ್ಲು ಚಕ್ರದ ನಡುವಿಗೆ, ಆಮೇಲೆ ಟೈರಿಗೆ. ಒತ್ಬೇಡ, ತಾಗ್ಸು ಸಾಕು."

"ಬೆಚ್ಚಗಿದೆ," ಎಂದು ಅವಳು ಕೂಗಿದಳು. ಅವನು ಅಂಕಿ ಓದಿದ, ತೊಂಬತ್ತಾರು. ಎರಡನೆಯದೂ ಹಾಗೆಯೇ ಇತ್ತು, ಮೂರನೆಯದೂ. ಹಿಂದಿನ ಎಡ ಚಕ್ರದ ಬಳಿ ಅವಳು ಬಹಳ ಹೊತ್ತು ಮಾಡಿದಳು. ವರ್ಲಿನ್ ತೊಂಬತ್ತೆಂಟು ಎಂಬ ಅಂಕಿಯನ್ನು ದಿಟ್ಟಿಸುತ್ತ ಕಾದ. ಕೊನೆಗೂ ಕೂಗು ಬಂತು. ಬೆಚ್ಚಗಿತ್ತು, ಅಷ್ಟೇ.

ಅವಳು ಬಂದು ಕೂತು ಪರದೆಯನ್ನು ಮೊದಲಿನ ಜಾಗಕ್ಕೆ ಸಿಕ್ಕಿಸಿದಳು. ವರ್ಲಿನ್ ಎಂಜಿನ್ ಚಾಲೂ ಮಾಡಿ, ಯಾವ ಕಡೆ ತಿರುಗಿಸಲಿ ಎಂದು ಕೇಳಿದ. ಅವಳು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಲೋಟಕ್ಕೆ ಕೈಯ ಹಿಂಬದಿ ತಾಗಿಸಿ ನೋಡಿದಳು, ಊದಿದಳು, ಇನ್ನೊಮ್ಮೆ ತಾಗಿಸಿ ನೋಡಿ ಅವನ ಕೈಗಿಟ್ಟಳು.

"ಸುಡಲ್ಲ, ಕುಡಿ," ಎಂದಳು. "ಕುಡಿದು ಯೂಮಾ ಕಡೆ ನಡಿ. ನೀನು ರಸ್ತೆ ನೋಡು."