ಇಪ್ಪತ್ತೆರಡು ನಿಮಿಷ ಮುಂಚೆ

ಮಹಾರಾಷ್ಟ್ರದ ಗಡಿಯೂರು ಉದಗೀರದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಂಜನಾಬಾಯಿ ಹತ್ತೊಂಬತ್ತು ವರ್ಷಗಳಿಂದ ಅಟೆಂಡರ್. ಅಲ್ಲೇ ಜವಾನನಾಗಿದ್ದ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿ. ತವರು ದೇವಣಿ ಕಡೆ, ಬೀರಪ್ಪನಿಗೆ ನಡೆದುಕೊಳ್ಳುವ ಕುರಿಗಾರರ ಮನೆತನ. ಹನ್ನೆರಡನೇ ತರಗತಿ ಪಾಸಾಗಿದ್ದರೂ ಕಾಲೇಜಿನಲ್ಲಿ ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಆಕೆ ಮಾವಶಿ, ಅಂದರೆ ಚಿಕ್ಕಮ್ಮ.

ಎರಡು ವರ್ಷದ ಹಿಂದೆ ರೂಪಾಲಿ ಎಂಬ ಹೊಸ ಉಪನ್ಯಾಸಕಿ ಬಂದಳು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ದುರ್ಬೀನನ್ನು ಹೊರತೆಗೆಸಿ ಛಾವಣಿಯ ಮೇಲೆ ಹೂಡಿದಳು. ಬೇರೆ ಬೇರೆ ದೇಶಗಳಲ್ಲಿ ಕೂತು ದೂರದ ಗ್ರಹಗಳು ತಂತಮ್ಮ ನಕ್ಷತ್ರದ ಮುಂದೆ ಹಾಯುವ ವೇಳೆ ಹಿಡಿಯುವ ಹವ್ಯಾಸಿಗಳ ಗುಂಪೊಂದಕ್ಕೆ ಸೇರಿದಳು. ಅವಳ ಪಾಲಿಗೆ ಬಂದದ್ದು ಹೆಸರಿಲ್ಲದ, ಬರೀ ನಂಬರಿನ ಒಂದು ನಕ್ಷತ್ರ.

"ಇದಕ್ಕ ವಯಸ್ಸಾಗ್ಯದ ಮಾವಶಿ," ರೂಪಾಲಿ ಹೇಳಿದ್ದಳು. "ಒಳಗಿನ ಇಂಧನ ತೀರ್ಯದ, ಈಗ ಉಬ್ಬಲಿಕ್ಕ ಹತ್ಯದ. ಪೂರಾ ದೈತ್ಯ ಆಗಿಲ್ಲ, ಉಪದೈತ್ಯ ಅಂತಾರ. ಅದರ ಬಗಲಾಗೇ ಒಂದು ಗ್ರಹ ತಿರುಗ್ತದ. ಮುಂದ ಒಂದಿನ ಇದೇ ಅದನ್ನ ನುಂಗ್ತದ."

"ನುಂಗಲಿ. ಅಲ್ಲೀತನಕ ಅದು ತಿರುಗೋದು ಬಿಡಂಗಿಲ್ಲಲ್ರೀ!" ಎಂದಿದ್ದಳು ಅಂಜನಾಬಾಯಿ.

ಐದು ದಿನಕ್ಕೊಮ್ಮೆ ಆ ಗ್ರಹ ನಕ್ಷತ್ರದ ಮುಂದೆ ಹಾಯುತ್ತದೆ. ಆಗ ಬೆಳಕು ಇನ್ನೂರು ಪಾಲಿನಲ್ಲಿ ಒಂದು ಪಾಲು ತಗ್ಗುತ್ತದೆ. ಉಬ್ಬಿದ ನಕ್ಷತ್ರವಾದ್ದರಿಂದ ದಾಟಿ ಮುಗಿಸಲು ಸುಮಾರು ಆರು ತಾಸು ಬೇಕು. ನಿಮಿಷಕ್ಕೊಂದು ಚಿತ್ರ ತೆಗೆದು, ಪಕ್ಕದ ನಕ್ಷತ್ರಗಳ ಬೆಳಕಿಗೆ ಹೋಲಿಸಿ ಗೆರೆ ಎಳೆಯಬೇಕು. ಒಂದೇ ಚಳಿಗಾಲದಲ್ಲಿ ಅಂಜನಾಬಾಯಿ ಇದನ್ನೆಲ್ಲ ಕಲಿತಳು.

ಫೆಬ್ರುವರಿಯಲ್ಲಿ, ಗ್ರಹ ಹಾಯುವುದನ್ನು ಅವರು ಮೊದಲ ಸಲ ಹಿಡಿಯಬೇಕಿದ್ದ ದಿನವೇ ರೂಪಾಲಿಗೆ ಜ್ವರ ಬಂತು. ಬಿಟ್ಟುಬಿಡೋಣ ಎಂದು ಫೋನಿನಲ್ಲಿ ಹೇಳಿದಳು. "ನೀವು ಮಕ್ಕೊಳ್ರಿ. ನಾ ನೋಡ್ಕೋತೀನಿ," ಎಂದ ಅಂಜನಾಬಾಯಿ ಶಾಲು ಸುತ್ತಿಕೊಂಡು ಸಂಜೆ ಛಾವಣಿ ಹತ್ತಿದವಳು ಬೆಳಗಿನ ನಾಲ್ಕಕ್ಕೆ ಇಳಿದಳು.

ಮರುದಿನ ಗೆರೆ ಎಳೆದು ನೋಡಿದರೆ, ವೇಳಾಪಟ್ಟಿಯಲ್ಲಿದ್ದ ಹೊತ್ತಿಗಿಂತ ಇಪ್ಪತ್ತೆರಡು ನಿಮಿಷ ಮುಂಚೆಯೇ ಬೆಳಕು ತಗ್ಗಿತ್ತು.

ವಿಭಾಗದ ಮುಖ್ಯಸ್ಥ ವೈಜಿನಾಥ ಸರ್ ನಕ್ಕುಬಿಟ್ಟರು. "ಮಾವಶಿ, ನಿನ್ನ ಕೈ ತಾಗಿ ದುರ್ಬೀನ್ ಸರಿದದ. ರೂಪಾಲಿ, ಇದನ್ನ ಅಳಿಸಿಬಿಡು."

ರೂಪಾಲಿಯ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅವಳು ತಲೆ ತಗ್ಗಿಸಿದಳು. ಅಂಜನಾಬಾಯಿ ತಗ್ಗಿಸಲಿಲ್ಲ.

"ಅಳಸಬ್ಯಾಡ್ರಿ ಸರ್. ಬಾಜೂದ ಚುಕ್ಕಿ ನೋಡ್ರಿ, ಎಲ್ಲಾ ಸರಳ ಗೆರಿ ಹಿಡದು ನಿಂತಾವ. ನಾ ದೂಡಿದ್ರ ಅವೂ ಅಲುಗಬೇಕಿತ್ತಲ್ಲ? ಗಡಿಯಾರ ನಾ ಎರಡು ಸಲ ತಾಳೆ ನೋಡೀನಿ."

"ಹಂಗಾದ್ರ ಪಟ್ಟಿ ಬರದವರು ಹುಚ್ಚರೇನು?"

"ಹುಚ್ಚರು ಅಂತ ನಾ ಎಲ್ಲಿ ಅಂದೀನ್ರಿ? ತಪ್ಪ್ಯಾರ ಅಂದೀನಿ."

ಮುಂದಿನ ಸರತಿಗೆ ಮೋಡ ಕವಿಯಿತು. ಅದರ ಮುಂದಿನದಕ್ಕೆ ರೂಪಾಲಿಯೂ ಬಂದಳು; ತಪ್ಪು ಹಿಡಿಯಲೆಂದೇ ಸರ್ ಕೂಡ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಪಟ್ಟಿಗಿಂತ ಇಪ್ಪತ್ತೆರಡು ನಿಮಿಷ ಮುಂಚೆ, ಅಂಜನಾಬಾಯಿ ಹೇಳಿದ ನಿಮಿಷಕ್ಕೇ ಗೆರೆ ಕೆಳಗಿಳಿಯಲು ಶುರುವಾಯಿತು. ಸರ್ ಎದ್ದು ಬಂದು ಪರದೆಯನ್ನು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ಗುಂಪಿಗೆ ವರದಿ ನನ್ನ ಹೆಸರಿಲೆ ಕಳಸ್ರಿ. ಅಟೆಂಡರ್ ಹೆಸರು ಹಾಕಿದ್ರ ಕಾಲೇಜಿನ ಮಾನ ಏನಾಗಬೇಕು?" ಎಂದರು.

ಅಂಜನಾಬಾಯಿ ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡಳು. "ನೋಡಿದವರ ಹೆಸರು ಅಂತ ಬರದದ ಇಲ್ಲಿ. ನೋಡಿದಾಕಿ ನಾ." ಒಂದೊಂದೇ ಅಕ್ಷರ ಹುಡುಕಿ ಒತ್ತಿ ತನ್ನ ಹೆಸರು, ಅದರ ಕೆಳಗೆ ರೂಪಾಲಿಯ ಹೆಸರು ಹಾಕಿ ಕಳಿಸಿಯೇಬಿಟ್ಟಳು.

ವಾರದೊಳಗೆ ಮೆಮೊ ಬಂತು: ಅನುಮತಿಯಿಲ್ಲದೆ ಉಪಕರಣ ಬಳಸಿದ್ದೇಕೆ? ಆಕೆ ಸ್ವಚ್ಛ ಮರಾಠಿಯಲ್ಲಿ ಉತ್ತರ ಬರೆದುಕೊಟ್ಟಳು. ಹತ್ತೊಂಬತ್ತು ವರ್ಷ ಆ ಉಪಕರಣಗಳ ಧೂಳು ಒರೆಸುವಾಗ ಯಾರ ಅನುಮತಿಯನ್ನೂ ಕೇಳಿಲ್ಲ, ಆಗ ಯಾರೂ ಮೆಮೊ ಕೊಟ್ಟಿಲ್ಲ, ಎಂದು. ಸಿಟ್ಟಾದ ಸರ್ ಆಕೆಯನ್ನು ರಸಾಯನಶಾಸ್ತ್ರ ವಿಭಾಗಕ್ಕೆ ಬಾಟಲಿ ತೊಳೆಯಲು ಹಾಕಿಸಿದರು. ಅಂಜನಾಬಾಯಿ ಹೋದಳು, ಬಾಟಲಿ ತೊಳೆದಳು. ಐದಕ್ಕೆ ಡ್ಯೂಟಿ ಮುಗಿದ ಮೇಲೆ ಮಾತ್ರ ಎಲ್ಲರ ಕಣ್ಣೆದುರೇ ಮತ್ತೆ ಛಾವಣಿ ಹತ್ತಿದಳು. ರೂಪಾಲಿಯೂ ಈಗ ಹೆದರುವುದನ್ನು ಬಿಟ್ಟಿದ್ದಳು. ಪ್ರಾಚಾರ್ಯರ ಹತ್ತಿರ ತಾನೇ ಹೋಗಿ, ಅಂಜನಾಬಾಯಿಗೆ ಛಾವಣಿಯ ಕೆಲಸಕ್ಕೆ ಲಿಖಿತ ಅನುಮತಿ ತಂದಳು.

ಏಪ್ರಿಲ್‌ನಲ್ಲಿ ಗುಂಪಿನವರ ಪತ್ರ ಬಂತು. ಇನ್ನಿಬ್ಬರು ಬೇರೆ ದೇಶಗಳಿಂದ ನೋಡಿ ಅದೇ ವೇಳೆ ಹಿಡಿದಿದ್ದರು. ಹಳೆಯ ಪಟ್ಟಿ ಒಂಬತ್ತು ವರ್ಷದ ಹಿಂದಿನದು. ಗ್ರಹದ ಒಂದೊಂದು ಸುತ್ತಿಗೂ ಎರಡು ಸೆಕೆಂಡಿನಷ್ಟು ತಪ್ಪು ಕೂಡಿ ಕೂಡಿ ಇಷ್ಟಾಗಿತ್ತು. ಹೊಸ ಪಟ್ಟಿಯ ಕೆಳಗೆ ನೋಡಿದವರ ಹೆಸರುಗಳಿದ್ದವು.

ರೂಪಾಲಿ ಓಡೋಡಿ ಬಂದು ತೋರಿಸಿದಳು. ಅಂಜನಾಬಾಯಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಓದಿದಳು. ಮುಖ ಅರಳಿತು, ಮತ್ತೆ ಗಂಟಿಕ್ಕಿತು.

"ಇಲ್ಲಿ ಅಂಜನಾ ಅಂತ ಅಷ್ಟೇ ಅದ. ಬಾಯಿ ಎಲ್ಲಿ ಹೋಯ್ತು?"

"ಅಯ್ಯ, ಅದೇನು ದೊಡ್ಡದು ಬಿಡ್ರಿ!" ರೂಪಾಲಿ ನಕ್ಕಳು.

"ನೀವು ನಗ್ರಿ. ಆದ್ರ ಈಗಿಂದೀಗ ಪತ್ರ ಬರೀರಿ. ಅವರ ಗ್ರಹದ ವ್ಯಾಳ್ಯಾ ನಾ ತಿದ್ದಿ ಕೊಟ್ಟೀನಿ, ನನ್ನ ಹೆಸರು ಅವರು ತಿದ್ದಲಿ."